ಅಡುಗೆಮನೆಯಿಂದ ಬಂದ ಮಾತು

ಮುಂದೆ ಸೇತುರಾಮ ಎಷ್ಟೋ ಹುಡುಗರ ಕಾರ್ಖಾನೆಗಳಿಗೆ ಬಂಡವಾಳ ಹಾಕಿ ದೊಡ್ಡ ಮನುಷ್ಯ ಅನ್ನಿಸಿಕೊಂಡ, ಅದು ಬೇರೆ ಮಾತು. ಅರವತ್ತೆರಡನೇ ಇಸವಿಯ ಆ ಬೆಳಿಗ್ಗೆ ಮಾತ್ರ ಅವನೇ ಸಿದ್ದಾಪುರದ ಬೈರಣ್ಣನ ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದ. ಟೆಲಿಫೋನ್ ಇಂಜಿನಿಯರ್ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದಾಗಿತ್ತು. ಬೈರಣ್ಣ ದುಡ್ಡು ಹಾಕಿದರೆ ಇಂಟರ್‌ಕಾಮ್ ಮಾಡುವ ಸ್ವಂತ ಕಾರ್ಖಾನೆ. ಇಲ್ಲದಿದ್ದರೆ ಹಳೆಯ ಸಾಹೇಬರ ಮುಂದೆ ಹಲ್ಲುಗಿಂಜಿಕೊಂಡು ನಿಲ್ಲಬೇಕು.

ಬೈರಣ್ಣನ ಹೊಲ ಜಯನಗರದ ಬಡಾವಣೆಗೆ ಹೋಗಿ, ಪರಿಹಾರದ ದುಡ್ಡು ಬ್ಯಾಂಕಿನಲ್ಲಿ ತೆಪ್ಪಗೆ ಬಿದ್ದಿತ್ತು. "ನಂಗೆ ಓದು ಬರಾಕಿಲ್ಲ ಸಾಮಿ. ಮಾತಾಡ್ಸಿ ತೋರ್ಸಿ, ಆಮೇಲೆ ನೋಡಾನ" ಎಂದಿದ್ದ.

ಸೇತುರಾಮ ತಾನೇ ತಯಾರಿಸಿದ ಎರಡು ಇಂಟರ್‌ಕಾಮ್ ಡಬ್ಬಿ ತಂದಿದ್ದ. ಒಂದನ್ನು ಜಗಲಿಯಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ಇಟ್ಟು ನಡುವೆ ತಂತಿ ಎಳೆದ. ಒಳಗಿದ್ದ ಸೊಸೆ ಮಂಗಮ್ಮನಿಗೆ, "ಈ ಗುಂಡಿ ಒತ್ತಿ ಮಾತಾಡಿ ಅಕ್ಕಾ, ಅಷ್ಟೇ" ಎಂದು ಹೇಳಿಕೊಟ್ಟ. ಅವಳು ಸೆರಗು ಎಳೆದುಕೊಂಡು ತಲೆಯಾಡಿಸಿದಳು.

"ಏನಮ್ಮಾ, ಕೇಳಿಸ್ತದಾ?" ಎಂದು ಬೈರಣ್ಣ ಗುಂಡಿ ಒತ್ತಿ ಡಬ್ಬಿಗೆ ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಊಹೂಂ.

ತಂತಿ ಕಿತ್ತುಹೋಯಿತೇನೋ ಎಂದು ಸೇತುರಾಮ ಎದ್ದರೆ ಬೈರಣ್ಣ ನಕ್ಕ.

"ಕೂತ್ಕಳಿ ಸಾಮಿ. ನಮ್ಮನೇಲಿ ಸೊಸೆ ಮಾವನ ಜೊತೆ ಮಾತಾಡಾಕಿಲ್ಲ. ಏನಾರ ಇದ್ರೆ ಕಂಬಕ್ಕೆ ಹೇಳ್ತಾಳೆ, ನಾನು ಕೇಳಿಸ್ಕತೀನಿ."

ಅಯ್ಯೋ ಹಣೆಬರಹವೇ! ಎಲ್ಲ ಯೋಚನೆ ಮಾಡಿ ಬಂದವನಿಗೆ ಇದೊಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಡಬ್ಬಿ ಗೊರಗೊರ ಎಂದಿತು. "ಮಾವ..."

ಬೈರಣ್ಣ ಬೆಚ್ಚಿಬಿದ್ದ.

"ಆ ದುಡ್ಡು ಕೊಡಬ್ಯಾಡಿ ಮಾವ. ಮಗೀನ ಹೈಸ್ಕೂಲಿಗೆ ಹಾಕ್ಬೇಕು. ಹೆಣ್ಮಕ್ಳು ಓದಿ ಏನಾಗ್ಬೇಕು ಅಂದ್ರಿ ನೀವು. ಅವತ್ತಿಂದ ಗಂಟ್ಲಲ್ಲೇ ಇಟ್ಕಂಡಿದೀನಿ. ಇಂಥದ್ನ ಕಂಬಕ್ಕೆ ಹೇಳಾಕಾಯ್ತದಾ?"

ಒಂದೊಂದು ಅಕ್ಷರವೂ ಸ್ಪಷ್ಟ. ಸರ್ಕಾರದ ಲೈನಿನಲ್ಲೂ ಇಷ್ಟು ಚೆನ್ನಾಗಿ ಮಾತು ಬರುವುದಿಲ್ಲ. ಸೇತುರಾಮನಿಗೆ ಹೆಮ್ಮೆಯೂ ಆಯಿತು, ದುಡ್ಡು ಕೈತಪ್ಪುವ ದಿಗಿಲೂ ಆಯಿತು.

ಬೈರಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ. "ಅವ್ಳು ಈ ಮನೆ ತುಂಬಿ ಹದಿನೈದು ವರ್ಷ ಆಯ್ತು ಸಾಮಿ. ನನ್ನನ್ನ ಬಾಯ್ಬಿಟ್ಟು ಕೇಳಿದ್ದು ಇದೇ ಮೊದಲು. ಇಲ್ಲ ಅನ್ನಾಕಾಗಲ್ಲ. ದುಡ್ಡು ಮಗೀಗೆ."

"ಆಗ್ಲಿ ಬೈರಣ್ಣನೋರೆ" ಎಂದ ಸೇತುರಾಮ. ಅಳು ಬರುವಂತಿತ್ತು. ಬಗ್ಗಿ ತಂತಿ ಸುತ್ತತೊಡಗಿದ.

ಬೈರಣ್ಣ ಡಬ್ಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡ. "ಇದನ್ನ ಮುಟ್ಬ್ಯಾಡಿ. ಇದ್ಕೆ ಬೆಲೆ ಎಷ್ಟು ಹೇಳಿ."

ಸೇತುರಾಮ ಕಣ್ಣುಕಣ್ಣು ಬಿಟ್ಟ. ಕಾರ್ಖಾನೆ, ಪಾಲು, ಲಾಭ ಎಲ್ಲ ಲೆಕ್ಕ ಹಾಕಿದ್ದ ಪುಣ್ಯಾತ್ಮ, ಒಂದು ಡಬ್ಬಿಯನ್ನು ಎಷ್ಟಕ್ಕೆ ಮಾರಬೇಕೆಂದು ಯೋಚಿಸಿಯೇ ಇರಲಿಲ್ಲ. ಬಂಡವಾಳ ಕೇಳಲು ಬಂದವನಿಗೆ ಗಿರಾಕಿ ಸಿಕ್ಕಿದ್ದ.

ಅವನು ಬಾಯಿ ತೆರೆಯುವಷ್ಟರಲ್ಲಿ ಬೈರಣ್ಣ ಡಬ್ಬಿಗೆ ಮುಖವಿಟ್ಟು ಗುಂಡಿ ಒತ್ತಿದ್ದ.

"ಇನ್ನೂ ಏನೇನೈತೆ ಹೇಳು ತಾಯಿ. ಇಲ್ಲೇ ಕೂತಿದೀನಿ."