ಗುಣವಾದವನ ಸಹಿ

ಗಂಡನ ಅಣ್ಣ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ತೋರಿಸಿ, ತಮ್ಮನ ಫೋಟೋದ ಕೆಳಗೆ ಅಂಟಿಸಿದ ಹಾಳೆಯನ್ನು ನೆಟ್ಟಗೆ ಮಾಡಿಸುತ್ತಿದ್ದ. ತಮ್ಮನ ಹೆಸರಿಗೆ ಮೊದಲು ‘ಡಾಕ್ಟರ್’ ಎಂದು ಅಚ್ಚಾಗಿತ್ತು. ಗಂಡನ ಹೆಣದ ಪಕ್ಕ ಕೂತಿದ್ದ ಅವಳಿಗೆ ಅದನ್ನು ಓದಿ ಮೈ ಉರಿಯಿತು.

“ಅವರು ಡಾಕ್ಟರಲ್ಲ ಭಾವ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಿದ್ರು.”

“ಬಂದವರ ಮುಂದೆ ಮನೆತನದ ಮರ್ಯಾದೆ ಅಂತ ಒಂದಿರುತ್ತಲ್ಲಮ್ಮ. ಐದು ವರ್ಷ ಓದಿಲ್ವಾ ಅವನು? ಅವನ ಕೈಗುಣ ಎಂಥದ್ದು ಅಂತ ನನ್ನನ್ನ ಕೇಳಲಿ.”

ಕೈಗುಣವಂತೆ. ಬದುಕಿದ್ದಾಗ ಬಾಯಿಗೆ ಬೀಗ, ಸತ್ತ ಮೇಲೆ ಬಿರುದು. ಅವಳಿಗೆ ಹೇಸಿಗೆಯಾಯಿತು.

*

ಐದು ವರ್ಷ ಅವಳ ಗಂಡನಿಗೆ ವಾರವಿಡೀ ಇಸ್ತ್ರಿಪೆಟ್ಟಿಗೆ, ಶನಿವಾರ ಭಾನುವಾರ ಆಸ್ಟಿಯೋಪತಿ ತರಗತಿ. ಮೂಳೆ, ಕೀಲು, ಸ್ನಾಯುಗಳನ್ನು ಬರಿಗೈಯಿಂದಲೇ ಸರಿಪಡಿಸುವ ವಿದ್ಯೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಹೆಂಡತಿಯನ್ನೇ ಮಲಗಿಸಿ ಬೆನ್ನೆಲುಬು ಎಣಿಸುತ್ತಿದ್ದ.

“ಎಷ್ಟು ಸಲ ಎಣಿಸಿದ್ರೂ ಜಾಸ್ತಿ ಆಗಲ್ಲ ರೀ,” ಎಂದು ಅವಳು ನಗುತ್ತಿದ್ದಳು.

ಪರೀಕ್ಷೆಗಳೆಲ್ಲ ಮುಗಿದವು. ಉಳಿದದ್ದು ಒಂದೇ: ಒಬ್ಬ ರೋಗಿಯನ್ನು ಇಪ್ಪತ್ತು ವಾರ ನೋಡಿ, ‘ಗುಣವಾಗಿದೆ’ ಎಂದು ತರಗತಿಯ ದಾಖಲೆ ಪುಸ್ತಕದಲ್ಲಿ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಬೇಕು. ಸೊಂಟ ಹಿಡಿದುಕೊಂಡು ಬಂದ ಭಾವನೇ ಆ ರೋಗಿ.

“ಗುಣ ಆಯ್ತು ಅಂತ ಬರೆದುಕೊಟ್ರೆ ಆಫೀಸಿನವರು ನನ್ನನ್ನ ಮತ್ತೆ ಗೋದಾಮಿಗೆ ಹಾಕ್ತಾರೆ ಕಣೋ. ಕೂತು ಮಾಡೋ ಕೆಲಸ ಹೋಗುತ್ತೆ. ಮುಂದಿನ ವಾರ ನೋಡೋಣ ಬಿಡು.”

ಆ ಮುಂದಿನ ವಾರ ಎರಡು ವರ್ಷ ನಡೆಯಿತು. ಭಾವ ಮಾತ್ರ ಒಂದು ಭಾನುವಾರವೂ ತಪ್ಪಿಸದೆ ಬಂದು ಮೇಜಿನ ಮೇಲೆ ಬೋರಲು ಬೀಳುತ್ತಿದ್ದ. ಮೊನ್ನೆ ಇಸ್ತ್ರಿ ಮಾಡುತ್ತಲೇ ಅವಳ ಗಂಡ ಎದೆ ಹಿಡಿದುಕೊಂಡು ಕುಸಿದ.

*

ತರಗತಿಯ ಮೇಷ್ಟ್ರು ಆ ಪುಸ್ತಕವನ್ನು ತಂದಿದ್ದರು.

“ಈ ಒಂದು ಸಹಿ ಬಿದ್ರೆ ಪ್ರಮಾಣಪತ್ರ ಅವರ ಹೆಸರಿಗೆ ಬರುತ್ತಮ್ಮ. ಈಗಲಾದರೂ ಸರಿ.”

ಅವಳು ಅದನ್ನು ಒಯ್ದು ಭಾವನ ತೊಡೆಯ ಮೇಲಿಟ್ಟಳು. “ಡಾಕ್ಟರ್ ಅಂತ ಬರೆಸಿದ್ದೀರಲ್ಲ. ಇದನ್ನೂ ಬರೆದುಬಿಡಿ.”

ಜನ ನೋಡುತ್ತಿದ್ದರು. ಭಾವ ಕನ್ನಡಕ ಏರಿಸಿಕೊಂಡು, ಮೇಲಿಂದ ಕೆಳಗೆ ಎರಡು ಸಲ ಓದಿ, ಬರೆದು ಸಹಿ ಹಾಕಿದ. ಅವಳು ಬಗ್ಗಿ ನೋಡಿದಳು. ‘ಇನ್ನೂ ನೋವಿದೆ.’

“ಸಾವಿನ ಮನೇಲಿ ಕೂತು ಸುಳ್ಳು ಬರೆಯೋಕಾಗುತ್ತೇನಮ್ಮ?”

ಅವಳು ತೆರೆದ ಪುಸ್ತಕವನ್ನು ಹಾಗೇ ಮೇಷ್ಟ್ರಿಗೆ ಕೊಟ್ಟಳು.

ಕೆಳಗೆ ಗಾಡಿ ಬಂದು ನಿಂತಿತು. “ಮುಂದಗಡೆ ನಾನೇ ಹಿಡೀತೀನಿ, ಅಣ್ಣ ನಾನು,” ಎಂದು ಭಾವ ಉಳಿದವರನ್ನು ಸರಿಸಿದ. ನೆಲದವರೆಗೆ ಬಗ್ಗಿ ಶವಪೆಟ್ಟಿಗೆಯ ಹಿಡಿಕೆ ಹಿಡಿದು, ಒಂದೇ ಏಟಿಗೆ ಎತ್ತಿ ಹೆಗಲಿಗೇರಿಸಿಕೊಂಡು, ಮಹಡಿಯ ಮೆಟ್ಟಿಲುಗಳನ್ನು ದಡದಡ ಇಳಿಯತೊಡಗಿದ. ಮೇಷ್ಟ್ರು ತೆರೆದ ಪುಸ್ತಕ ಹಿಡಿದುಕೊಂಡು ಅವನ ಬೆನ್ನನ್ನೇ ನೋಡುತ್ತ ನಿಂತರು.