ಮೇಜು ಮುಟ್ಟಿದವರು ಯಾರು

ವಾಯುಭಾರ ಬರೆಯುವ ಯಂತ್ರದ ಮುಳ್ಳು ಹತ್ತು ಗಂಟೆಗೆ ಸರಿಯಾಗಿ ಗುಡ್ಡದ ಹಾಗೆ ಮೇಲೆದ್ದು, ಇಳಿದು, ಏನೂ ಆಗಿಲ್ಲವೆಂಬಂತೆ ಮತ್ತೆ ನೆಟ್ಟಗೆ ಗೀಟೆಳೆಯತೊಡಗಿತು. ಹವಾಮಾನ ಕೇಂದ್ರದ ವೀಕ್ಷಕಿ ಕಿಟಕಿಯಾಚೆ ನೋಡಿದಳು. ಒಂದು ಎಲೆಯೂ ಅಲ್ಲಾಡುತ್ತಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯಂತಿದೆ.

“ಮತ್ತೆ ಬುತ್ತಿ ಕುಕ್ಕಿದ್ಯೇನಮ್ಮ?” ಎಂದರು ಎದುರಿನ ಹಿರಿಯರು. ನಿವೃತ್ತಿಯ ಅಂಚಿನಲ್ಲಿದ್ದ ಅವರು ಕಚೇರಿಗೆಲ್ಲ ದೊಡ್ಡಪ್ಪ.

ಅವಳ ಮುಖ ಸಪ್ಪಗಾಯಿತು. ಹೋದ ತಿಂಗಳು ಯಂತ್ರದ ಮೇಜಿನ ಮೇಲೆ ಬುತ್ತಿ ಡಬ್ಬಿ ಕುಕ್ಕಿ, ಮುಳ್ಳು ನೆಗೆದದ್ದನ್ನು ಬಿರುಗಾಳಿಯೆಂದು ವರದಿ ಮಾಡಿದ್ದಳು. ದೋಣಿಗಳೆಲ್ಲ ಆ ದಿನ ದಡದಲ್ಲೇ ಕೂತವು. ಅಂದಿನಿಂದ ಅದರ ಹೆಸರೇ ‘ಬುತ್ತಿ ಬಿರುಗಾಳಿ’. ಇನ್ನೊಂದು ತಪ್ಪು ವರದಿ ಬಂದರೆ ಕಡತದ ಕೋಣೆಗೆ ವರ್ಗ ಎಂದು ಮೇಲಿನವರ ಕಾಗದವೂ ಬಂದಿತ್ತು.

“ನಾನು ಮುಟ್ಟಿಲ್ಲ ದೊಡ್ಡಪ್ಪ.”

“ಮೊಣಕೈ ತಾಗಿರುತ್ತೆ. ‘ಯಂತ್ರದೋಷ’ ಅಂತ ಬರೆದು ಕೈ ತೊಳ್ಕೋ.”

ತಾಗಿತೇ? ಧೂಳು ಒರೆಸಿದ್ದೇನೋ ನಿಜ. ಹತ್ತಕ್ಕೆ ಮೊದಲೋ, ಆಮೇಲೋ? ಯೋಚಿಸಿದಷ್ಟೂ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ಪೆನ್ನು ಎತ್ತಿದವಳು ಬರೆಯಲಾರದೆ, ನಾನೂರು ಕಿಲೋಮೀಟರ್ ಪಶ್ಚಿಮಕ್ಕಿದ್ದ ಕೇಂದ್ರಕ್ಕೆ ಫೋನು ಮಾಡಿದಳು.

“ನಂಗೂ ಬಂತು ಕಣೇ, ಒಂಬತ್ತು ನಲವತ್ತಕ್ಕೆ,” ಎಂದಳು ಅಲ್ಲಿನ ವೀಕ್ಷಕಿ. “ಕುರ್ಚಿ ಬಡಿದಿರ್ಬೇಕು ಅಂತ ಯಂತ್ರದೋಷ ಬರೆದ್ಬಿಟ್ಟೆ. ಯಾಕೆ?”

ಇಪ್ಪತ್ತು ನಿಮಿಷದಲ್ಲಿ ನಾನೂರು ಕಿಲೋಮೀಟರ್. ಯಾವ ಗಾಳಿ ಹೀಗೆ ಓಡುತ್ತದೆ, ಅದೂ ಎಲೆ ಅಲ್ಲಾಡಿಸದೆ? ಪೂರ್ವದ ಕೇಂದ್ರವೂ ಅಷ್ಟೇ ದೂರ. ಗಡಿಯಾರ ಹತ್ತು ಹದಿನೈದು ತೋರಿಸುತ್ತಿತ್ತು. ಅಲ್ಲಿಗೂ ಫೋನು ಮಾಡಿದಳು.

“ಅಣ್ಣ, ಮೇಜಿನ ಹತ್ರ ಯಾರೂ ಹೋಗ್ಬೇಡಿ. ಸುಮ್ನೆ ಮುಳ್ಳು ನೋಡ್ತಿರಿ.”

“ಯಾಕೆ, ಕುಣಿಯುತ್ತಾ?” ಅಲ್ಲಿನ ವೀಕ್ಷಕ ನಕ್ಕ. “ನಿನ್ನ ಬುತ್ತಿ ಇಲ್ಲೀತನಕ ಬಂತಾ?”

ಅವಳು ಫೋನು ಹಿಡಿದೇ ಗಡಿಯಾರ ನೋಡುತ್ತಿದ್ದಳು. ಹತ್ತು ಹದಿನೆಂಟು. ಹತ್ತೊಂಬತ್ತು. ಇಪ್ಪತ್ತಕ್ಕೆ ಅವನ ನಗು ನಿಂತಿತು.

“ತಂಗೀ, ಏಳ್ತಾ ಇದೆ. ನಾನು ಬಾಗಿಲ ಹತ್ರ ನಿಂತಿದೀನಿ. ನನ್ನಾಣೆಗೂ ಮುಟ್ಟಿಲ್ಲ.”

ಅವಳು ಬರೆದಳು: ‘ಮೇಜು ಮುಟ್ಟಿಲ್ಲ. ಮೂರು ಕೇಂದ್ರಗಳ ಮೇಲೂ ವಾಯುಭಾರದ ಒಂದೇ ಅಲೆ ಹಾದುಹೋಗಿದೆ. ಕಾರಣ ತಿಳಿಯದು.’ ಕೆಳಗೆ ಸಹಿ ಹಾಕಿದಳು. ಕಡತದ ಕೋಣೆಯಾದರೆ ಕಡತದ ಕೋಣೆ.

ದೊಡ್ಡಪ್ಪ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಸೂರಿನ ಕಡೆ ನೋಡಿದರು.

“ನಾನೂ ನಾಲ್ಕೈದು ಸಲ ಯಂತ್ರದೋಷ ಅಂತ ಬರೆದಿದೀನಿ,” ಎಂದರು. “ಅವೆಲ್ಲ ಏನಾಗಿದ್ವೋ?”