ಗಿಡ್ಡ ಸತ್ತದ್ದು ಹೇಗೆ

"ಸುಳ್ಳು!" ಅಪ್ಪ ಕುರ್ಚಿಯ ಕೈಯನ್ನು ಪಟ್ಟನೆ ಬಡಿದ. "ಶುದ್ಧ ಸುಳ್ಳು. ಇದನ್ನ ಬರೆದೋನು ಚಳಿಗಾಲದಲ್ಲಿ ಹೊಸ್ತಿಲು ದಾಟಿದೋನೇ ಅಲ್ಲ."

ಮಗಳು ಓದುವುದನ್ನು ನಿಲ್ಲಿಸಿದಳು. ಪುಸ್ತಕದಲ್ಲಿ ಜರ್ಮನ್ ಸಾರ್ಜೆಂಟನೊಬ್ಬ ಹಿಮದ ಮೇಲೆ ಅಂಗಾತ ಬಿದ್ದುಕೊಂಡು, ಸೊಂಟದ ಬಾಟಲಿ ಬಿಚ್ಚಿ ಗಟಗಟನೆ ನೀರು ಕುಡಿಯುತ್ತಿದ್ದ.

"ಆ ಚಳೀಲಿ ಸೊಂಟದ ಬಾಟಲಿ ಕಲ್ಲಾಗಿರುತ್ತೆ ಕಣೇ. ಅಂಗಿ ಒಳಗೆ ಹೊಟ್ಟೆಗೆ ಅಂಟಿಸಿ ಇಟ್ಕೋಬೇಕು. ಆಗ ಎರಡು ಗುಟುಕು ಸಿಗುತ್ತೆ. ಮೊದಲನೇದು ಪಕ್ಕದಲ್ಲಿ ಕೂತೋನಿಗೆ."

ಅಷ್ಟು ಹೇಳಿ ಅಪ್ಪ ತುಟಿ ಬಿಗಿದುಕೊಂಡ. ತಾನು ಹೋಗಿಬಂದ ಯುದ್ಧದ ಬಗ್ಗೆ ಅಪ್ಪ ಆಡಿದ ಅತಿ ಉದ್ದದ ಮಾತು ಇದೇ ಆಗಿತ್ತು.

ಅಪ್ಪ ಗಡಿ ಯುದ್ಧದಲ್ಲಿ ಸೇನೆಯ ಲಾರಿ ಓಡಿಸಿದವನು. ಪಕ್ಕದ ಸೀಟಿನಲ್ಲಿ ಅವನ ಒಡಹುಟ್ಟಿದ ತಮ್ಮನೇ ಇರುತ್ತಿದ್ದ. ಹೋದವರು ಇಬ್ಬರು, ಬಂದವನು ಒಬ್ಬ. ಸೇನೆಯ ಅಧಿಕಾರಿಯೊಬ್ಬ ಮನೆಗೆ ಬಂದು, ಶತ್ರುವನ್ನು ಎದುರಿಸಿ ವೀರಮರಣ ಹೊಂದಿದರು ಎಂದು ತಮ್ಮನ ಹೆಂಡತಿಗೆ, ಅಂದರೆ ಚಿಕ್ಕಮ್ಮನಿಗೆ, ಹೇಳಿಹೋದ. ಅಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಚಿಕ್ಕಮ್ಮ ಈ ಮನೆಯಲ್ಲೇ ಉಳಿದಳು, ತಾಯಿಯಿಲ್ಲದ ಈ ಮಗಳನ್ನು ಸಾಕಿದಳು, ಭಾವನ ಬಾಯಿಯ ಬೀಗ ತೆರೆಯುವುದನ್ನು ಕಾಯುತ್ತಲೇ ಅವಳ ತಲೆ ಬೆಳ್ಳಗಾಯಿತು.

ಈಗ ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಬೇಕಿರುವುದು ಒಂದೇ, ಸಂಜೆ ಒಂದು ಅಧ್ಯಾಯ. ಅದೂ ಎಂಥ ಪುಸ್ತಕ! ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನ್ ಸೈನಿಕರ ಕಥೆ, ಮುಟ್ಟಿದರೆ ಪುಡಿಯಾಗುವ ಕಾಗದ, ಮುಖಪುಟದಲ್ಲಿ ಉರಿಯುವ ಟ್ಯಾಂಕು, ಅದರ ಪಕ್ಕದಲ್ಲಿ ಕಥೆಯೊಳಗೆ ಎಲ್ಲೂ ಬಾರದ ಒಬ್ಬ ಚೆಲುವೆ. ಜರ್ಮನ್ ಹೆಸರುಗಳು ಮಗಳ ನಾಲಿಗೆಯಲ್ಲಿ ಹೊರಳದೆ ಹೋದಾಗ ಅಪ್ಪನೇ ನಾಮಕರಣ ಮಾಡಿದ್ದ: ಕೆಂಪು ಕೂದಲಿನವನು ಕೆಂಚ, ಕುಳ್ಳನೆಯವನು ಗಿಡ್ಡ.

"ನಮ್ಮವರ ಯುದ್ಧದ ಪುಸ್ತಕ ತರ್ಲಾ ಅಪ್ಪಾ?" ಎಂದು ಒಮ್ಮೆ ಕೇಳಿದ್ದಳು.

"ಬೇಡ. ಅದರಲ್ಲೆಲ್ಲ ಬರೀ ಭಾಷಣ. ಇವರು ಸೋತೋರು. ಸೋತೋರಿಗೆ ಕಾಲು ನೋಯುತ್ತೆ, ಹಸಿವಾಗುತ್ತೆ."

"ಅವರು ಮಾಡಿದ್ದೇನು ಪುಣ್ಯದ ಕೆಲಸಾನಾ?"

"ಮಹಾಪಾಪದ್ದು. ಅದನ್ನ ಈ ಪುಣ್ಯಾತ್ಮ ಬರೆಯೋದೇ ಇಲ್ಲ ನೋಡು, ಅದೂ ಒಂದು ಸುಳ್ಳೇ. ಆದರೆ ಒದ್ದೆ ಕಾಲುಚೀಲದ ವಿಷಯ ಬಂದಾಗ ಅವನ ಕೈತಪ್ಪಿ ನಿಜ ಬಿದ್ದುಬಿಡುತ್ತೆ. ಅಷ್ಟಕ್ಕೇ ಕೇಳ್ತೀನಿ."

ಬಾಟಲಿ ನೀರಿನ ಮಾತು ಬಂದ ದಿನವೇ ಶಾಲೆಯ ಹೆಡ್‌ಮಾಸ್ಟರು ಮನೆಗೆ ಬಂದಿದ್ದರು. ಹೊಸ ಕಟ್ಟಡಕ್ಕೆ ಚಿಕ್ಕಪ್ಪನ ಹೆಸರು ಇಡುತ್ತಾರಂತೆ. 'ಶತ್ರುವಿಗೆ ಎದೆಯೊಡ್ಡಿ ಮಡಿದ ವೀರ' ಎಂದು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಭಾನುವಾರ ಚಿಕ್ಕಮ್ಮ ಬಂದು ಪರದೆ ಸರಿಸಬೇಕಂತೆ. ಅವರು ಹೋದ ಮೇಲೆ ಚಿಕ್ಕಮ್ಮ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸಿದಳು.

"ನಾನು ಹೋಗಲ್ಲ. ಹೇಗೆ ಹೋದರು ಅನ್ನೋದೇ ಗೊತ್ತಿಲ್ಲದೆ ಆ ಕಲ್ಲಿನ ಪಕ್ಕ ಏನಂತ ನಿಲ್ಲಲಿ? ಗುಂಡು ಎಲ್ಲಿ ತಗಲಿತು, ಎಷ್ಟು ಹೊತ್ತು ನರಳಿದರು, ಆ ಹಿಮದಲ್ಲಿ ಎಷ್ಟು ನಡುಗಿದರು ಅಂತ ದಿನಾ ಒಂದೊಂದು ಥರ ಕಾಣುತ್ತೆ ನನಗೆ. ನಿಮ್ಮಪ್ಪನಿಗೆ ಗೊತ್ತು. ಹೇಳಲ್ಲ."

"ಹೇಳ್ತಾನೆ. ಭಾನುವಾರದೊಳಗೆ ಹೇಳಿಸ್ತೀನಿ," ಅಂದಳು ಮಗಳು.

ಅವಳು ಹೊಲಿಗೆ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳನ್ನು ಅಗಲ ಮಾಡುವವಳು. ಹಳೆಯ ಬಟ್ಟೆಗೆ ಹೊಸ ಪಟ್ಟಿ ಕೂಡಿಸಿದರೆ ಹೊಲಿಗೆ ಎಲ್ಲಿದೆ ಎಂದು ಹುಡುಕುವವರಿಗೂ ಸಿಗಬಾರದು. ಪ್ರಶ್ನೆ ಕೇಳಿದರೆ ಅಪ್ಪ ಬಾಯಿ ಬಿಡುವುದಿಲ್ಲ. ಸುಳ್ಳು ಓದಿದರೆ ತಡೆದುಕೊಳ್ಳಲಾರ. ಸರಿ, ಸುಳ್ಳನ್ನೇ ಕೂಡಿಸಿದರಾಯಿತು.

ಮರುದಿನ ಸಂಜೆ ಅಪ್ಪನ ಕೋಣೆಯಲ್ಲಿ ಎಂದಿನ ರಗಳೆ ನಡೆದಿತ್ತು. ಎಂಥ ಚಳಿಯಿದ್ದರೂ ಅಪ್ಪನಿಗೆ ಕಿಟಕಿ ಬೆರಳಗಲ ತೆರೆದಿರಬೇಕು. ಅದಕ್ಕೆಂದೇ ದಾರದ ಖಾಲಿ ಉರುಳೆಯೊಂದನ್ನು ಸಂದಿಗೆ ಕೊಟ್ಟಿದ್ದ. ಚಿಕ್ಕಮ್ಮ ಅದನ್ನು ಕಿತ್ತು ಕಿಟಕಿ ಮುಚ್ಚುವುದು, ಅಪ್ಪ ತಡವರಿಸಿಕೊಂಡು ಹೋಗಿ ಮತ್ತೆ ಸಿಗಿಸುವುದು, ಪ್ರತಿ ಚಳಿಗಾಲ ಇದೇ ಕುಸ್ತಿ. "ನಿಮ್ಮ ಹಟಕ್ಕೆ ನಾವೆಲ್ಲ ಸೆಟೆದುಕೊಂಡು ಸಾಯಬೇಕು," ಎಂದು ಗೊಣಗಿ ಚಿಕ್ಕಮ್ಮ ಹೋದಳು.

ಮಗಳು ಪುಸ್ತಕ ತೆರೆದಳು. ಕೆಂಚ ಬರಿಗೈಯಲ್ಲಿ ಬಂದೂಕಿನ ನಳಿಗೆ ಹಿಡಿದ ಎಂದು ತಾನೇ ಸೇರಿಸಿ ಓದಿದಳು.

"ಸುಳ್ಳು. ಚರ್ಮ ಕಿತ್ತುಬರುತ್ತೆ. ನನ್ನ ಹೆಬ್ಬೆರಳು ಮುಟ್ಟಿನೋಡು."

ಮುಟ್ಟಿದಳು. ನಯವಾದ ಕಲೆ. ಹುಟ್ಟಿದಾಗಿನಿಂದ ಹಿಡಿದುಕೊಂಡ ಕೈ, ಇದು ಮಾತ್ರ ಗೊತ್ತಿರಲಿಲ್ಲ. ಮರುದಿನ ಲಾರಿಯ ಎಂಜಿನ್ನು ಒಂದೇ ಸಲಕ್ಕೆ ಶುರುವಾಯಿತು ಎಂದಳು. ಅಪ್ಪ ನಕ್ಕೇಬಿಟ್ಟ, ಎಂಜಿನ್ನಿನ ಕೆಳಗೆ ಬೆಂಕಿ ಹಾಕಿ ಎಬ್ಬಿಸಬೇಕು, ತಮ್ಮ ಅದಕ್ಕೆ 'ಮಾವನ ಮನೆ ಉಪಚಾರ' ಅನ್ನುತ್ತಿದ್ದ ಎಂದ. ತಮ್ಮ ಎಂಬ ಮಾತು ಬಂದದ್ದೇ, ಇವತ್ತಿಗೆ ಸಾಕು ಎಂದುಬಿಟ್ಟ.

ಶನಿವಾರ ಬಂದುಬಿಟ್ಟಿತು. ಮಗಳು ಗಂಟಲು ಸರಿಮಾಡಿಕೊಂಡಳು. ಚಿಕ್ಕಮ್ಮ ಬಾಗಿಲ ಆಚೆ ನಿಂತದ್ದು ಸೆರಗಿನ ಅಂಚಿನಿಂದ ತಿಳಿಯುತ್ತಿತ್ತು.

"ಕೆಂಚ ಮತ್ತು ಗಿಡ್ಡ ಅಣ್ಣತಮ್ಮಂದಿರು," ಎಂದು ಓದಿದಳು. "ಲಾರಿ ಹಿಮದಲ್ಲಿ ಹೂತುಹೋಗಿತ್ತು. ಶತ್ರುಗಳು ಸುತ್ತುವರಿದರು. ಗಿಡ್ಡ ಲಾರಿಯಿಂದ ಹಾರಿ ಹತ್ತಾರು ಮಂದಿಯನ್ನು ಕೆಡವಿದ. ಎದೆಗೆ ಗುಂಡು ತಗಲಿ, ತಾಯಿನಾಡಿಗೆ ಜಯವಾಗಲಿ ಎಂದು ಕೂಗಿ ಪ್ರಾಣ ಬಿಟ್ಟ."

ಅಪ್ಪ ಕುರ್ಚಿ ಬಡಿಯಲಿಲ್ಲ.

"ನೀನು ಪುಟ ತಿರುವಿ ಎಷ್ಟು ಹೊತ್ತಾಯ್ತು?"

ಮಗಳು ಥಟ್ಟನೆ ಒಂದು ಪುಟ ತಿರುವಿದಳು.

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ಮೂರು ದಿನದಿಂದ ಪುಟಕ್ಕಿಂತ ಕಥೆ ಉದ್ದ ಆಗ್ತಿದೆ."

"ಹೌದಪ್ಪಾ, ನಾನೇ ಸೇರಿಸಿದ್ದು." ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. "ಬೈಬೇಕಾದರೆ ಬೈ. ಆದರೆ ನಾಳೆ ಇದನ್ನೇ ಕಲ್ಲಿನಲ್ಲಿ ಕೆತ್ತಿ ಚಿಕ್ಕಮ್ಮನ ಮುಂದೆ ನಿಲ್ಲಿಸ್ತಾರೆ. ಸುಳ್ಳಾಗಿದ್ರೆ ನೀನೇ ತಿದ್ದು."

ಅಪ್ಪ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಾ ಕುಳಿತ. ಆಮೇಲೆ ಪುಸ್ತಕದಲ್ಲಿರುವುದನ್ನು ಒಪ್ಪಿಸುವವನಂತೆ ಒಂದೇ ದನಿಯಲ್ಲಿ ಹೇಳತೊಡಗಿದ.

"ಲಾರಿ ಹೂತಿದ್ದು ನಿಜ. ಶತ್ರುಗಳು ಅಲ್ಲೆಲ್ಲೂ ಇರಲಿಲ್ಲ. ಬರೀ ಹಿಮ. ಗಿಡ್ಡನಿಗೆ ಹಲ್ಲು ಕಟಕಟ ಅಂತಿತ್ತು. ಕೆಂಚ ಒಂದು ಡಬ್ಬಿಗೆ ತೂತು ಕೊರೆದು ಇದ್ದಿಲು ಹಾಕಿ ಹೊತ್ತಿಸಿದ. ಗಾಳಿ ನುಗ್ಗದ ಹಾಗೆ ಕ್ಯಾಬಿನ್ನಿನ ಸಂದಿಗೆಲ್ಲ ಬಟ್ಟೆ ತುರುಕಿದ. ನೀನು ಮಲಗು, ನಾನು ಕಾವಲು ಇರ್ತೀನಿ ಅಂತ ಹೊರಗೆ ಹೋದ. ಬಾಗಿಲನ್ನ ಹೊರಗಿನಿಂದ ಒತ್ತಿ ಒತ್ತಿ ಮುಚ್ಚಿದ. ಇದ್ದಿಲ ವಿಷಗಾಳಿ ಕಣ್ಣಿಗೆ ಕಾಣಲ್ಲ, ವಾಸನೇನೂ ಇಲ್ಲ. ಕೆಂಚನಿಗೆ ಗೊತ್ತಿರಲಿಲ್ಲ." ಅಪ್ಪ ಉಸಿರೆಳೆದುಕೊಂಡ. "ಬಂದು ಬಾಗಿಲು ತೆಗೆದಾಗ ಗಿಡ್ಡ ಮಗ್ಗುಲಾಗಿ ಮಲಗಿದ್ದ. ವೀರಮರಣ ಅಂತ ಅಧಿಕಾರಿ ಬರೆದುಕೊಂಡ. ತಮ್ಮನಿಗೆ ಅಷ್ಟಾದರೂ ಇರಲಿ ಅಂತ ಕೆಂಚ ಬಾಯಿ ಮುಚ್ಕೊಂಡ."

ಚಿಕ್ಕಮ್ಮ ಒಳಗೆ ಬಂದಿದ್ದಳು. ಅಪ್ಪ ಆ ಕಡೆಗೆ ಮುಖ ತಿರುಗಿಸಿದ, ಏಟು ಬೀಳಲಿ ಎಂಬಂತೆ.

"ಭಾವ," ಅಂದಳು ಚಿಕ್ಕಮ್ಮ. "ಗಿಡ್ಡನಿಗೆ ಚಳಿ ಆಗ್ತಿರಲಿಲ್ವಾ ಆಗ?"

"ಇಲ್ಲ ಕಣಮ್ಮಾ. ಬೆಚ್ಚಗಿದ್ದ. ಕೆನ್ನೆ ಕೆಂಪಗಿತ್ತು. ನಿದ್ದೆ ಮಾಡ್ತಿದಾನೆ ಅಂತಲೇ ನಾನು... ಎಬ್ಬಿಸಿದೆ."

ಚಿಕ್ಕಮ್ಮ ಅತ್ತಳು. ನಿಂತೇ ಅತ್ತಳು, ಮುಖ ಮುಚ್ಚಿಕೊಳ್ಳದೆ. ಅಷ್ಟು ವರ್ಷ ಹಿಮದಲ್ಲಿ ನರಳುತ್ತಿದ್ದ ಗಂಡ ಈಗ ಎಲ್ಲೋ ಬೆಚ್ಚಗೆ ಮಲಗಿದ್ದ. ಮಗಳು ಎದ್ದು ಅವಳ ತೋಳು ಹಿಡಿದುಕೊಂಡಳು.

ಕಣ್ಣೊರೆಸಿಕೊಂಡ ಮೇಲೆ ಚಿಕ್ಕಮ್ಮನ ದನಿ ಗಟ್ಟಿಯಾಗಿತ್ತು. "ಹೆಡ್‌ಮಾಸ್ಟರಿಗೆ ಫೋನು ಹಚ್ಚು. ಹೆಸರು ಇರಲಿ, ಅದರ ಕೆಳಗಿರೋ ಸಾಲಿಗೆ ಸಿಮೆಂಟು ಮೆತ್ತಿಸಲಿ. ಹಾಗಾದರೆ ಬರ್ತೀನಿ ಅನ್ನು. ಇಲ್ಲದಿದ್ರೆ ಪರದೆ ಅವರೇ ಸರಿಸಿಕೊಳ್ಳಲಿ. ಭಾವಾ, ನೀವೂ ಬರಬೇಕು. ನನ್ನ ಪಕ್ಕದಲ್ಲೇ ನಿಲ್ಲಬೇಕು."

ಅಪ್ಪ ತಲೆಯಾಡಿಸಿದ.

ಮಗಳು ಫೋನು ತರಲು ಹೊರಟಳು. ಹೊರಗೆ ಗಾಳಿ ಬೀಸತೊಡಗಿ ಕಿಟಕಿ ಪಟಪಟ ಬಡಿಯಿತು. ದಾರದ ಉರುಳೆ ಸಡಿಲಗೊಂಡು ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಅಪ್ಪ ಸದ್ದಿಗೆ ಕಿವಿಗೊಟ್ಟು ಏಳಲು ಹೋದ.

"ಕೂತ್ಕೊಳ್ಳಿ," ಅಂದಳು ಚಿಕ್ಕಮ್ಮ. ಮೊಣಕಾಲೂರಿ, ಮಂಚದ ಕೆಳಗೆ ಕೈಹಾಕಿ ಉರುಳೆಯನ್ನು ಹುಡುಕಿ ತೆಗೆದಳು. ಕಿಟಕಿಯನ್ನು ಬೆರಳಗಲ ತೆರೆದು ಸಂದಿಗೆ ಸಿಗಿಸಿದಳು. ಅಲುಗುತ್ತದೆಯೇ ಎಂದು ಒಮ್ಮೆ ಒತ್ತಿ ನೋಡಿದಳು.